ಫ್ಲಾರೆನ್ಸ್ ಪ್ರೈಸ್ ಸಿಂಫನಿ 1 ಮತ್ತು 3: ಆಲ್ಬಂ ಕೇಳಿ, ಆದರೆ ಮೂರನೆಯದರಿಂದ ಶುರು ಮಾಡಿ

ಮೊದಲೇ ಹೇಳಿಬಿಡುತ್ತೇನೆ, ಈ ಆಲ್ಬಂ ಕೇಳಿ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನಿಮಗೆ ಹೊಸದಾದರೂ ಪರವಾಗಿಲ್ಲ, ಕೇಳಿ ಪಳಗಿದವರಾದರೂ ಸರಿ. ಅಮೆರಿಕದ ಸಂಗೀತ ರಚನಕಾರ್ತಿ ಫ್ಲಾರೆನ್ಸ್ ಪ್ರೈಸ್ ಅವರ ಒಂದನೇ ಮತ್ತು ಮೂರನೇ ಸಿಂಫನಿಗಳು, ಅಂದರೆ ಇಡೀ ಆರ್ಕೆಸ್ಟ್ರಾಗೆಂದು ಹಲವು ಭಾಗಗಳಲ್ಲಿ ಬರೆದ ದೊಡ್ಡ ಕೃತಿಗಳು, ಇದರಲ್ಲಿವೆ. ನುಡಿಸಿರುವುದು ಫಿಲಡೆಲ್ಫಿಯಾ ಆರ್ಕೆಸ್ಟ್ರಾ, ಮುಂದೆ ನಿಂತು ನಡೆಸಿದ ಕಂಡಕ್ಟರ್ ಯಾನಿಕ್ ನೆಜೆ-ಸೆಗಾನ್, ಹೊರತಂದದ್ದು ಡಾಯ್ಚ ಗ್ರಾಮೋಫೋನ್. 2021ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಯಿತು, 2022ರಲ್ಲಿ ಆರ್ಕೆಸ್ಟ್ರಾ ವಾದನಕ್ಕೆ ಕೊಡುವ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಪ್ರಶಸ್ತಿ ಬಂದಿದೆ ಅಂತ ಕೇಳಬೇಕಾಗಿಲ್ಲ. ಇದರಲ್ಲಿರುವ ಮೂರನೇ ಸಿಂಫನಿ ನನ್ನ ಪ್ರಕಾರ ಇಪ್ಪತ್ತನೇ ಶತಮಾನದ ಅಮೆರಿಕದಲ್ಲಿ ಹುಟ್ಟಿದ ಬಲು ಒಳ್ಳೆಯ ಸಿಂಫನಿಗಳಲ್ಲಿ ಒಂದು, ಅದನ್ನು ಇಷ್ಟು ತುಂಬಿದ ದನಿಯಲ್ಲಿ ನುಡಿಸಿದ ರೆಕಾರ್ಡಿಂಗ್ ನಾನು ಬೇರೆ ಕೇಳಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ಪ್ರೈಸ್ ಹೆಸರು ಬಂದ ಕೂಡಲೇ ಎಲ್ಲರೂ ಒಂದು ಕತೆ ಹೇಳುತ್ತಾರೆ. 2009ರಲ್ಲಿ ಇಲಿನಾಯ್ ರಾಜ್ಯದ ಸೇಂಟ್ ಆ್ಯನ್ ಎಂಬ ಪುಟ್ಟ ಊರಿನಲ್ಲಿ ದಂಪತಿ ಒಂದು ಪಾಳುಬಿದ್ದ ಮನೆಯನ್ನು ರಿಪೇರಿ ಮಾಡಿಸಲು ಹೊರಟಾಗ, ಒಳಗೆ ಪೆಟ್ಟಿಗೆ ಪೆಟ್ಟಿಗೆ ಕಾಗದ ಸಿಕ್ಕಿತು. ಸಂಗೀತದ ಹಸ್ತಪ್ರತಿಗಳು, ಪತ್ರಗಳು, ಎಲ್ಲದರ ಮೇಲೂ ಫ್ಲಾರೆನ್ಸ್ ಪ್ರೈಸ್ ಹೆಸರು. ಅದು ಅವರು ಬೇಸಿಗೆ ಕಳೆಯುತ್ತಿದ್ದ ಮನೆ. ಕತೆ ನಿಜ, ಕೇಳೋಕೂ ರೋಮಾಂಚನ. ಎರಡು ವಯೊಲಿನ್ ಕಾನ್ಸರ್ಟೊ (ಒಂದು ವಯೊಲಿನ್ ಮುಂದೆ ನಿಂತು ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ), ನಾಲ್ಕನೇ ಸಿಂಫನಿ ಎಲ್ಲ ನಮಗೆ ಸಿಕ್ಕಿದ್ದು ಅಲ್ಲಿಂದಲೇ. ಆದರೆ ಈ ಆಲ್ಬಂನ ಎರಡು ಸಿಂಫನಿಗಳ ವಿಷಯದಲ್ಲಿ ಆ ಕತೆಯನ್ನು ಎಳೆದು ತರಬೇಡಿ. ಅವೆರಡೂ ಕಳೆದುಹೋಗಿರಲಿಲ್ಲ. 1970ರ ದಶಕದಲ್ಲೇ ಪ್ರೈಸ್ ಅವರ ಮಗಳು ತಾಯಿಯ ಕಾಗದಪತ್ರಗಳಲ್ಲಿ ಒಂದಷ್ಟನ್ನು ಅರ್ಕನ್ಸಾ ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ದರು. ರೇ ಲಿಂಡಾ ಬ್ರೌನ್ ಎಂಬ ವಿದ್ವಾಂಸೆ ವರ್ಷಗಟ್ಟಲೆ ಕೂತು, ಇನ್ನೊಬ್ಬ ಸಂಪಾದಕರ ಜೊತೆ ಸೇರಿ, ಒಂದು ಮತ್ತು ಮೂರನೇ ಸಿಂಫನಿಗಳ ಸ್ಕೋರ್ ಅನ್ನು, ಅಂದರೆ ಎಲ್ಲ ವಾದ್ಯಗಳ ಸ್ವರಗಳನ್ನೂ ಒಟ್ಟಿಗೆ ಬರೆದ ಪ್ರತಿಯನ್ನು, 2008ರಲ್ಲಿ ಅಚ್ಚು ಮಾಡಿಸಿದ್ದರು. ಪಾಳುಮನೆ ಬಾಗಿಲು ತೆರೆಯುವ ಮುಂಚಿನ ವರ್ಷ ಅದು. ಮೂರನೇ ಸಿಂಫನಿ ಅಂತೂ 2001ರಲ್ಲೇ ರೆಕಾರ್ಡ್ ಆಗಿತ್ತು.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಕತೆಯನ್ನು ಹಾಗೇ ಬಿಟ್ಟರೆ ತಪ್ಪು ಯಾವುದೋ ಹಳೇ ಮನೆಯ ಮೇಲೆ ಬೀಳುತ್ತದೆ. ಪೆಟ್ಟಿಗೆ ಮುಚ್ಚಿತ್ತು, ಯಾರಿಗೂ ಗೊತ್ತಿರಲಿಲ್ಲ, ಏನು ಮಾಡೋದು, ಅನ್ನೋ ಹಾಗೆ. ಗೊತ್ತಿತ್ತು. ಈ ಹೆಂಗಸು ಶಿಕಾಗೊ ಸಿಂಫನಿ ಆರ್ಕೆಸ್ಟ್ರಾದವರ ಕೈಯಲ್ಲಿ ತನ್ನ ಕೃತಿ ನುಡಿಸಿಸಿಕೊಂಡವರು. ದೊಡ್ಡ ದೊಡ್ಡ ಕಂಡಕ್ಟರ್‌ಗಳಿಗೆ ಪತ್ರ ಬರೆದವರು. ಸ್ಕೋರ್ ಇತ್ತು, ಹೆಸರಿತ್ತು, ವಿಳಾಸ ಇತ್ತು. ನುಡಿಸಲಿಲ್ಲ ಅಷ್ಟೇ.

ಈಗ ಒಂದನೇ ಸಿಂಫನಿಗೆ ಬರೋಣ. ಇ ಮೈನರ್, ಅಂದರೆ ಇ ಎಂಬ ಸ್ವರವನ್ನು ನೆಲೆ ಮಾಡಿಕೊಂಡ ಮೈನರ್ ಸ್ವರಶ್ರೇಣಿ. ಬರೆಯಲು ಹಿಡಿದದ್ದು 1931ರ ಜನವರಿಯಲ್ಲಿ, ಅದೂ ಕಾಲು ಮುರಿದುಕೊಂಡು ಮನೆಯಲ್ಲಿ ಕೂತಿದ್ದರಿಂದ. ಕಾಲು ಮುರಿದದ್ದೇ ಭಾಗ್ಯ, ಇಲ್ಲದಿದ್ದರೆ ಇಷ್ಟು ಬಿಡುವು ಎಲ್ಲಿ ಸಿಗುತ್ತಿತ್ತು, ಮತ್ತೆ ಯಾವಾಗ ಸಿಗುತ್ತೋ ಎಂಬ ಅರ್ಥದಲ್ಲಿ ಅವರೇ ಬರೆದುಕೊಂಡಿದ್ದಾರೆ. ಆ ಮಾತಿನ ಹಿಂದೆ ಏನಿದೆ ಅಂತ ನೋಡಿ. ಅದೇ ವರ್ಷ ಗಂಡನಿಂದ ವಿಚ್ಛೇದನ. ಇಬ್ಬರು ಹೆಣ್ಣುಮಕ್ಕಳು. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಹೊಟ್ಟೆಪಾಡಿಗೆ ಪಿಯಾನೊ ಪಾಠ, ಮೂಕಿ ಸಿನಿಮಾಗಳಿಗೆ ಆರ್ಗನ್ ನುಡಿಸುವ ಕೆಲಸ, ರೇಡಿಯೊ ಜಾಹೀರಾತಿಗೆ ಟ್ಯೂನ್ ಕಟ್ಟಿಕೊಡುವುದು, ಬೇರೆ ಹೆಸರಿನಲ್ಲಿ ಜನಪ್ರಿಯ ಹಾಡು ಬರೆಯುವುದು. ಸ್ವಲ್ಪ ಕಾಲ ಗೆಳತಿ ಎಸ್ಟೆಲಾ ಬಾಂಡ್ಸ್ ಮನೆಯಲ್ಲಿ ಮಕ್ಕಳ ಜೊತೆ ಇದ್ದರು. ಆ ಮನೆಯ ಮಗಳು ಮಾರ್ಗರೆಟ್ ಬಾಂಡ್ಸ್ ಪ್ರೈಸ್ ಅವರ ಶಿಷ್ಯೆ, ಮುಂದೆ ತಾನೂ ಹೆಸರಾಂತ ರಚನಕಾರ್ತಿಯಾದರು. ಮಾರ್ಗರೆಟ್ ನೆನಪಿಸಿಕೊಂಡಿರುವ ಒಂದು ಚಿತ್ರ ನನಗೆ ಬಹಳ ಇಷ್ಟ. ಶಿಕಾಗೊದ ಚಳಿಗಾಲದ ರಾತ್ರಿ, ಅಡುಗೆಮನೆಯ ದೊಡ್ಡ ಮೇಜು, ಅದರ ತುಂಬ ಹರಡಿದ ಸಂಗೀತದ ಹಾಳೆಗಳು. ಪೂರ್ತಿ ಸ್ಕೋರ್‌ನಿಂದ ಒಂದೊಂದು ವಾದ್ಯದ ಪಾಲನ್ನು ಬೇರೆ ಬೇರೆ ಹಾಳೆಗೆ ಕೈಯಲ್ಲೇ ಇಳಿಸಬೇಕು, ಮೊದಲ ವಯೊಲಿನ್‌ಗೆ ಒಂದು, ಓಬೋಗೆ ಒಂದು, ಟ್ರಂಬೋನ್‌ಗೆ ಒಂದು, ಹೀಗೆ. ಸ್ಪರ್ಧೆಯ ಗಡುವು ಹತ್ತಿರ ಬಂದಾಗ ಊರಿನ ಕಪ್ಪು ಸಂಗೀತಗಾರರಲ್ಲಿ ಸ್ವರ ಬರೆಯಲು ಬಂದವರೆಲ್ಲ ಬಂದು ಕೈಜೋಡಿಸುತ್ತಿದ್ದರಂತೆ.

ಆ ಸ್ಪರ್ಧೆ ಫಿಲಡೆಲ್ಫಿಯಾದ ಪ್ರಸಿದ್ಧ ವ್ಯಾಪಾರಿ ಮನೆತನದ ರಾಡ್‌ಮನ್ ವಾನಮೇಕರ್ ಹೆಸರಿನದು. 1932ರಲ್ಲಿ ಸಿಂಫನಿಗೆ ಮೊದಲ ಬಹುಮಾನ ಬಂತು, 500 ಡಾಲರ್. ಶಿಕಾಗೊ ಸಿಂಫನಿಯ ಕಂಡಕ್ಟರ್ ಫ್ರೆಡರಿಕ್ ಸ್ಟಾಕ್ ಕಣ್ಣಿಗೆ ಅದು ಬಿತ್ತು, ಮರುವರ್ಷದ ವಿಶ್ವಮೇಳದ ಹೊತ್ತಿನಲ್ಲಿ, 1933ರ ಜೂನ್ 15ರಂದು, ಆಡಿಟೋರಿಯಂ ಥಿಯೇಟರ್‌ನಲ್ಲಿ ನುಡಿಸಿದರು. ಅಮೆರಿಕದ ದೊಡ್ಡ ಆರ್ಕೆಸ್ಟ್ರಾ ಒಂದು ಆಫ್ರಿಕನ್ ಅಮೆರಿಕನ್ ಮಹಿಳೆಯ ಸಿಂಫನಿ ನುಡಿಸಿದ್ದು ಅದೇ ಮೊದಲು. ಆದರೆ ಆ ಸಂಜೆ ತಾನಾಗಿ ನಡೆದದ್ದಲ್ಲ. ಮಾಡ್ ರಾಬರ್ಟ್ಸ್ ಜಾರ್ಜ್ ಅಂತ ಒಬ್ಬರು, ಶಿಕಾಗೊದ ಕಪ್ಪು ಸಮುದಾಯದ ಪತ್ರಿಕೆಗೆ ಸಂಗೀತ ವಿಮರ್ಶೆ ಬರೆಯುತ್ತಿದ್ದವರು, ಮುಂದೆ ನಿಂತು ಕಾರ್ಯಕ್ರಮದ ಖರ್ಚಿಗೆ ದುಡ್ಡು ಹೊಂದಿಸಿದರು. ಹೆಂಗಸರ ಈ ಬಳಗ ಇಲ್ಲದಿದ್ದರೆ ಆ ಸಿಂಫನಿ ಅವತ್ತು ವೇದಿಕೆ ಹತ್ತುತ್ತಿತ್ತು ಅಂತ ನನಗನಿಸುವುದಿಲ್ಲ.

ಆಲ್ಬಂನಲ್ಲಿ ಈ ಸಿಂಫನಿ ಶುರುವಾಗುವುದು ತಗ್ಗು ದನಿಯ ಊದುವಾದ್ಯ ಬಸೂನ್‌ನಿಂದ. ಐದೇ ಸ್ವರಗಳ ಮೇಲೆ ನಿಂತ ಧಾಟಿ. ನಮ್ಮ ಸಂಗೀತ ಕೇಳಿದ ಕಿವಿಗೆ ಶುದ್ಧ ಧನ್ಯಾಸಿಯ ನೆರಳು ಸುಳಿದ ಹಾಗೆ ಆಗುತ್ತದೆ, ಆದ್ದರಿಂದ ಹೊಸಬರಿಗೂ ಇದು ಪರಕೀಯ ಅನಿಸುವುದಿಲ್ಲ. ಮುಂದೆ ಹಾರ್ನ್ ಒಂದೇ ನಿಂತು ಹಾಡುವ ಎರಡನೇ ಧಾಟಿ ಬರುತ್ತದೆ, ಫಿಲಡೆಲ್ಫಿಯಾದ ಹಾರ್ನ್ ವಾದಕರು ಅಲ್ಲಿ ದನಿಯನ್ನು ಎಷ್ಟು ಮೆತ್ತಗೆ ಇಟ್ಟಿದ್ದಾರೆ ಅಂದರೆ ಮನುಷ್ಯ ಗಂಟಲೇ ಅನಿಸುತ್ತದೆ. ಚೆಕ್ ರಚನಕಾರ ಡ್ವೊರಾಕ್ ನೆನಪಾಗುತ್ತಾರೆ. ಅದೇ ಇ ಮೈನರ್‌ನಲ್ಲಿ ಅವರು ಅಮೆರಿಕದಲ್ಲಿದ್ದಾಗ ಬರೆದ ಸಿಂಫನಿ ಇದೆಯಲ್ಲ, ಅದರ ಪ್ರಭಾವ ಇಲ್ಲ ಅಂತ ಹೇಳೋಕೆ ಆಗೋದಿಲ್ಲ. ಆದರೆ ಡ್ವೊರಾಕ್ ಹೊರಗಿನಿಂದ ಬಂದು ಕಪ್ಪು ಜನರ ಹಾಡುಗಳನ್ನು ಕೇಳಿ ಮೆಚ್ಚಿದವರು, ಪ್ರೈಸ್‌ಗೆ ಅದು ಮನೆಯ ಸಂಗೀತ. ಈ ವ್ಯತ್ಯಾಸ ಮೊದಲ ಭಾಗದಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಒಂದು ಮಾತು ಮುಚ್ಚುಮರೆಯಿಲ್ಲದೆ ಹೇಳಬೇಕು, ಮೊದಲ ಭಾಗ ಉದ್ದ ಜಾಸ್ತಿ. ಧಾಟಿ ಚೆಂದ, ಆದರೆ ಬೆಳೆಸುವಾಗ ಅದನ್ನೇ ಸ್ಥಾಯಿ ಬದಲಿಸಿ ಮತ್ತೆ ಮತ್ತೆ ಮುಂದಿಡುತ್ತಾರೆ. ನೆಜೆ-ಸೆಗಾನ್ ಅಲ್ಲಲ್ಲಿ ವೇಗ ತಗ್ಗಿಸಿ ಇನ್ನಷ್ಟು ಎಳೆಯುತ್ತಾರೆ. ಅಲ್ಲಿ ನಿಮ್ಮ ಗಮನ ಆಚೀಚೆ ಹೋದರೆ ಬೇಜಾರು ಮಾಡಿಕೊಳ್ಳಬೇಡಿ.

ಎರಡನೇ ಭಾಗ ಬಂದಾಗ ಮಾತ್ರ ಕೈಯಲ್ಲಿರುವ ಕೆಲಸ ಬಿಟ್ಟು ಕೂತು ಕೇಳಿ. ಇದು ಒಂದು ಪ್ರಾರ್ಥನಾ ಗೀತೆಯ ಹಾಗೆ. ಹಿತ್ತಾಳೆಯ ಊದುವಾದ್ಯಗಳೆಲ್ಲ ಸೇರಿ ಚರ್ಚಿನ ಮೇಳದ ಹಾಗೆ ನಿಧಾನಕ್ಕೆ ಹಾಡುತ್ತವೆ. ಟ್ರಂಪೆಟ್, ಹಾರ್ನ್, ಟ್ರಂಬೋನ್, ಟ್ಯೂಬಾ. ಅದರ ಸಾಲು ಮುಗಿಯುವ ಜಾಗದಲ್ಲಿ ಮೆಲ್ಲಗೆ ಡ್ರಮ್ ದನಿ. ಪ್ರೈಸ್ ಸ್ಕೋರ್‌ನಲ್ಲಿ ಆಫ್ರಿಕನ್ ಡ್ರಮ್ ಅಂತಲೇ ಬರೆದಿದ್ದಾರೆ. ಮೇಲೆ ಚರ್ಚು, ಕೆಳಗೆ ಆಫ್ರಿಕಾ, ಎರಡೂ ಒಂದೇ ಉಸಿರಿನಲ್ಲಿ. ಕೊನೆಯ ಹೊತ್ತಿಗೆ ಚರ್ಚಿನ ಗಂಟೆಗಳ ದನಿ ಸೇರುತ್ತದೆ, ಆ ಗೀತೆಯ ಮೇಲೆ ಕ್ಲ್ಯಾರಿನೆಟ್ ಸರಸರನೆ ಓಡಾಡುತ್ತದೆ. ಪ್ರೈಸ್ ಮೂಲತಃ ಆರ್ಗನ್ ವಾದಕಿ. ಬಾಸ್ಟನ್‌ನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ 1906ರಲ್ಲಿ ಪದವಿ ಪಡೆದಾಗ ಆರ್ಗನ್ ಅವರ ಮುಖ್ಯ ವಾದ್ಯ. ಈ ಭಾಗ ಕೇಳುವಾಗ ಅದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಇಡೀ ಆರ್ಕೆಸ್ಟ್ರಾವನ್ನು ಅವರು ಆರ್ಗನ್‌ನ ಕೊಳವೆಗಳ ಹಾಗೆ ತೆರೆದು ಮುಚ್ಚುತ್ತಾರೆ, ಒಂದು ಬಣ್ಣ ಪೂರ್ತಿ ನಿಲ್ಲಿಸಿ ಇನ್ನೊಂದನ್ನು ಬಿಡುತ್ತಾರೆ. ಫಿಲಡೆಲ್ಫಿಯಾದ ಹಿತ್ತಾಳೆ ವಾದ್ಯದವರು ಇಲ್ಲಿ ಅದ್ಭುತ. ಒಂದು ಕಡೆಯೂ ದನಿ ಒರಟಾಗುವುದಿಲ್ಲ.

ಮೂರನೇ ಭಾಗದ ಹೆಸರು ಜೂಬಾ ಡಾನ್ಸ್. ಇದರ ಹಿನ್ನೆಲೆ ತಿಳಿದುಕೊಂಡು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಗುಲಾಮಗಿರಿಯ ಕಾಲದಲ್ಲಿ ತೋಟದ ಮಾಲೀಕರು ಆಫ್ರಿಕಾದಿಂದ ತಂದ ಜನರಿಗೆ ಡ್ರಮ್ ಬಾರಿಸಲು ಬಿಡುತ್ತಿರಲಿಲ್ಲ. ಡ್ರಮ್‌ನಲ್ಲಿ ಸುದ್ದಿ ಕಳಿಸಿ ದಂಗೆ ಏಳುತ್ತಾರೆ ಅನ್ನೋ ಭಯ. ಆಗ ಜನ ತಮ್ಮ ಮೈಯನ್ನೇ ವಾದ್ಯ ಮಾಡಿಕೊಂಡರು. ಎದೆ ತಟ್ಟುವುದು, ತೊಡೆ ತಟ್ಟುವುದು, ಕೈ ಚಪ್ಪಾಳೆ, ನೆಲಕ್ಕೆ ಕಾಲು. ಆ ಕುಣಿತವೇ ಜೂಬಾ. ಸಿಂಫನಿಯ ಮೂರನೇ ಭಾಗದಲ್ಲಿ ಯುರೋಪಿನವರು ಸ್ಕೆರ್ಟ್ಸೊ ಎಂಬ ಚುರುಕು ನಡೆಯ ತುಣುಕು ಇಡುವ ಜಾಗದಲ್ಲಿ ಪ್ರೈಸ್ ಇದನ್ನು ತಂದು ಕೂರಿಸಿದರು, ತಾಳವನ್ನು ತಪ್ಪಿಸಿ ತಪ್ಪಿಸಿ ಒತ್ತು ಬೀಳುವ ಹಾಗೆ ವಯೊಲಿನ್‌ಗಳಿಗೆ ಪಿಡೀಲಿನ ಜಾನಪದ ಧಾಟಿ ಕೊಟ್ಟರು, ಕೆಳಗೆ ತಂತಿ ಮೀಟಿಸಿ ಬ್ಯಾಂಜೊ ದನಿ ತಂದರು, ಮಧ್ಯೆ ಜಾರುವ ಸೀಟಿಯನ್ನೂ ಹಾಕಿದರು. ಚಿಕ್ಕ ಭಾಗ, ಕೆಲವೇ ನಿಮಿಷ. ಮಗುವಿನ ಜೊತೆ ಕೂತು ಕೇಳಬಹುದು. ನನ್ನ ಒಂದೇ ತಕರಾರು, ಫಿಲಡೆಲ್ಫಿಯಾದ ತಂತಿವಾದ್ಯಗಳ ಹೆಸರಾಂತ ಆ ದಪ್ಪ, ರೇಷ್ಮೆಯಂಥ ದನಿ ಇಲ್ಲಿ ಸ್ವಲ್ಪ ಅತಿಯಾಯಿತು. ಕಾಲಿಗೆ ಮಣ್ಣು ಮೆತ್ತಬೇಕಾದ ಕುಣಿತ ಇದು.

ನಾಲ್ಕನೇ ಭಾಗ ವೇಗವಾಗಿ ಬಂದು ಮುಗಿದುಹೋಗುತ್ತದೆ. ಅಷ್ಟು ದೊಡ್ಡ ಮೊದಲ ಭಾಗಕ್ಕೆ ಇಷ್ಟು ಚಿಕ್ಕ ಕೊನೆ ಸಾಲದು ಅಂತ ನನ್ನ ಅಭಿಪ್ರಾಯ.

ಮೂರನೇ ಸಿಂಫನಿ ಬೇರೆಯದೇ ಮಟ್ಟ. ಸಿ ಮೈನರ್, 1938ರಿಂದ 1940ರ ನಡುವೆ ಬರೆದದ್ದು. ಎರಡನೇ ಸಿಂಫನಿ ಎಲ್ಲಿ ಅಂತ ಕೇಳಬೇಡಿ, ಅದು ನಮಗೆ ಪೂರ್ತಿ ಸಿಕ್ಕಿಲ್ಲ. ಆದರೆ ಒಂದಕ್ಕೂ ಮೂರಕ್ಕೂ ನಡುವೆ ಈಕೆ ಎಷ್ಟು ದೂರ ನಡೆದಿದ್ದಾರೆ ಅಂತ ಮೊದಲ ಅರ್ಧ ನಿಮಿಷದಲ್ಲೇ ಗೊತ್ತಾಗುತ್ತದೆ. ತಗ್ಗಿನ ಸ್ಥಾಯಿಯಲ್ಲಿ ಹಿತ್ತಾಳೆ ವಾದ್ಯಗಳು ಕಪ್ಪು ಮೋಡ ಕವಿದ ಹಾಗೆ ಶುರು ಮಾಡುತ್ತವೆ, ಸ್ವರಗಳು ಎಲ್ಲಿ ನೆಲೆ ನಿಲ್ಲುತ್ತವೆ ಅಂತ ಹೇಳೋಕೆ ಆಗುವುದಿಲ್ಲ. ಒಂದನೇ ಸಿಂಫನಿಯ ನಯವಾದ ಧಾಟಿ ಎಲ್ಲಿ, ಈ ಅಸ್ಥಿರತೆ ಎಲ್ಲಿ! ಆಮೇಲೆ ವೇಗ ಬಂದಾಗಲೂ ಆ ಕಳವಳ ಪೂರ್ತಿ ಹೋಗುವುದಿಲ್ಲ. ನೆಜೆ-ಸೆಗಾನ್ ಇಲ್ಲಿ ಅವಸರ ಮಾಡದೆ, ಪ್ರತಿ ಪದರವನ್ನೂ ಬೇರೆ ಬೇರೆ ಕೇಳಿಸುವ ಹಾಗೆ ಇಟ್ಟಿದ್ದಾರೆ. ಒಂದನೇ ಸಿಂಫನಿಯಲ್ಲಿ ಅವರ ನಿಧಾನ ನನಗೆ ಹಿಡಿಸಲಿಲ್ಲ ಅಂದೆನಲ್ಲ, ಇಲ್ಲಿ ಅದೇ ನಿಧಾನ ಸರಿಯಾಗಿ ಕೂತಿದೆ. ಬರವಣಿಗೆಯಲ್ಲಿ ಕೇಳೋಕೆ ಅಷ್ಟು ಸಂಗತಿ ಇದೆ.

ಈ ಸಿಂಫನಿಯ ಯಾವ ಧಾಟಿಯನ್ನೂ ಜನಪದ ಹಾಡುಗಳಿಂದ ಎತ್ತಿಕೊಂಡಿಲ್ಲ ಅಂತ ಪ್ರೈಸ್ ಆಗಲೇ ಸ್ಪಷ್ಟಪಡಿಸಿದ್ದರು. ಕಪ್ಪು ಜನರ ಸಂಗೀತದ ಗುಣ ಇರಬೇಕು, ಆದರೆ ಹಳೆಯ ರೂಪವನ್ನೇ ಎತ್ತಿಡುವ ಪ್ರಯತ್ನ ತಮ್ಮದಲ್ಲ ಎನ್ನುವುದು ಅವರ ನಿಲುವು. ಎರಡನೇ ಭಾಗ ಕೇಳಿದರೆ ಅದು ಅರ್ಥವಾಗುತ್ತದೆ. ಮರದ ಊದುವಾದ್ಯಗಳು ಒಂದು ಹಾಡನ್ನು ಎತ್ತುತ್ತವೆ. ಎಲ್ಲೋ ಕೇಳಿದ್ದೇನೆ ಅನಿಸುತ್ತದೆ, ಎಲ್ಲಿಯೂ ಕೇಳಿರುವುದಿಲ್ಲ. ಅದು ಅವರದೇ. ಮೂರನೇ ಭಾಗ ಮತ್ತೆ ಜೂಬಾ. ಈ ಸಲ ಸರಳ ಕುಣಿತವಲ್ಲ, ನಗರಕ್ಕೆ ಬಂದ ಕುಣಿತ. ಮಧ್ಯದಲ್ಲಿ ಲಯ ಸಡಿಲಗೊಂಡು ಹಬನೇರಾ ಎಂಬ ಕ್ಯೂಬಾದ ಕುಣಿತದ ನಡೆಗೆ ತಿರುಗುತ್ತದೆ, ಕ್ಯಾಸ್ಟನೆಟ್ ಟಕಟಕ ಸದ್ದು ಸೇರುತ್ತದೆ. ದಕ್ಷಿಣದ ಹತ್ತಿ ಹೊಲಗಳಿಂದ ಹೊರಟ ಜನ ಶಿಕಾಗೊದ ಬೀದಿಗಳಲ್ಲಿ ಬದುಕು ಕಟ್ಟಿಕೊಂಡ ದಶಕಗಳ ಸದ್ದು ಅದು. ಪ್ರೈಸ್ ಕೂಡ ಹಾಗೆ ಹೊರಟು ಬಂದವರಲ್ಲಿ ಒಬ್ಬರು. ಹುಟ್ಟಿದ್ದು 1887ರ ಏಪ್ರಿಲ್ 9ರಂದು, ಅರ್ಕನ್ಸಾ ರಾಜ್ಯದ ಲಿಟಲ್ ರಾಕ್‌ನಲ್ಲಿ. ತಂದೆ ದಂತವೈದ್ಯರು, ತಾಯಿ ಸಂಗೀತ ಶಿಕ್ಷಕಿ, ಅನುಕೂಲಸ್ಥ ಮನೆ. ಓದು ಮುಗಿಸಿ ವಾಪಸ್ ಬಂದು, ಅಟ್ಲಾಂಟಾದ ಕಾಲೇಜೊಂದರಲ್ಲಿ ಸಂಗೀತ ವಿಭಾಗದ ಮುಖ್ಯಸ್ಥೆಯಾಗಿ, ಮದುವೆಯಾಗಿ ಲಿಟಲ್ ರಾಕ್‌ನಲ್ಲಿ ನೆಲೆಸಿದರು. ಅಷ್ಟೆಲ್ಲ ಓದಿದ್ದರೂ ಆ ರಾಜ್ಯದ ಸಂಗೀತ ಶಿಕ್ಷಕರ ಸಂಘ ಬಣ್ಣದ ಕಾರಣಕ್ಕೆ ಸದಸ್ಯತ್ವ ಕೊಡಲಿಲ್ಲ. 1927ರಲ್ಲಿ ಊರಿನಲ್ಲಿ ಬಿಳಿಯರ ಗುಂಪು ಒಬ್ಬ ಕಪ್ಪು ಮನುಷ್ಯನನ್ನು ಕೊಂದು, ಹೆಣವನ್ನು ಕಪ್ಪು ಜನರ ವ್ಯಾಪಾರದ ಬೀದಿಗೆ ಎಳೆದು ತಂದು ಸುಟ್ಟಿತು. ಆ ವರ್ಷವೇ ಸಂಸಾರ ಶಿಕಾಗೊಗೆ ಹೊರಟಿತು. ನಲವತ್ತರ ವಯಸ್ಸು. ಈ ಸಿಂಫನಿಯ ಶುರುವಿನಲ್ಲಿರುವ ಕತ್ತಲೆಯನ್ನು ಆ ಘಟನೆಗೆ ನೇರ ತಳುಕು ಹಾಕಲು ನನಗೆ ಇಷ್ಟವಿಲ್ಲ, ಅವರು ಹಾಗೆ ಹೇಳಿಲ್ಲ. ಆದರೆ ಇದನ್ನು ಬರೆದ ಕೈ ಏನೇನು ಕಂಡಿತ್ತು ಅಂತ ತಿಳಿದಿರುವುದು ಒಳ್ಳೆಯದು.

1940ರ ನವೆಂಬರ್ 6ರಂದು ಡೆಟ್ರಾಯ್ಟ್‌ನಲ್ಲಿ ಇದರ ಮೊದಲ ಪ್ರದರ್ಶನ. ನುಡಿಸಿದ್ದು ನಿರುದ್ಯೋಗಿ ಸಂಗೀತಗಾರರಿಗೆ ಕೆಲಸ ಕೊಡಲೆಂದು ಸರ್ಕಾರ ನಡೆಸುತ್ತಿದ್ದ ಆರ್ಕೆಸ್ಟ್ರಾ, ಕಂಡಕ್ಟರ್ ವಾಲ್ಟರ್ ಪೂಲ್. ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ರಿಹರ್ಸಲ್‌ನಲ್ಲಿ ಕೇಳಿ ತಮ್ಮ ಪತ್ರಿಕಾ ಅಂಕಣದಲ್ಲಿ ಹೊಗಳಿದರು. ಅಂದರೆ ದೇಶದ ಪತ್ರಿಕೆಗಳಲ್ಲೆಲ್ಲ ಹೆಸರು ಬಂತು. ಇಷ್ಟಾದ ಮೇಲೂ ದೊಡ್ಡ ಆರ್ಕೆಸ್ಟ್ರಾಗಳ ಬಾಗಿಲು ತೆರೆಯಲಿಲ್ಲ. 1943ರ ಜುಲೈನಲ್ಲಿ ಬಾಸ್ಟನ್ ಸಿಂಫನಿಯ ಕಂಡಕ್ಟರ್ ಸರ್ಜ್ ಕುಸೆವಿಟ್ಸ್ಕಿಗೆ ಬರೆದ ಪತ್ರದಲ್ಲಿ ಪ್ರೈಸ್ ಶುರುವಿನಲ್ಲೇ ಹೇಳಿಕೊಳ್ಳುತ್ತಾರೆ, ತನಗೆ ಎರಡು ತೊಡಕುಗಳಿವೆ, ಒಂದು ಹೆಣ್ಣಾಗಿರುವುದು, ಇನ್ನೊಂದು ಮೈಯಲ್ಲಿ ಕಪ್ಪು ಜನಾಂಗದ ರಕ್ತ ಇರುವುದು. ಅವೆರಡನ್ನೂ ಪಕ್ಕಕ್ಕಿಟ್ಟು ಕೃತಿಯನ್ನು ಅದರ ಯೋಗ್ಯತೆಯ ಮೇಲೆ ನೋಡಿ ಅನ್ನುವುದು ಅವರ ಕೋರಿಕೆ. ಕುಸೆವಿಟ್ಸ್ಕಿ ಅವರ ಒಂದು ಕೃತಿಯನ್ನೂ ನುಡಿಸಲಿಲ್ಲ. ಬಾಸ್ಟನ್ ಅವರು ಓದಿದ ಊರು. ಅಲ್ಲಿ ಓದಲು ಸೇರುವಾಗ ಬಿಳಿಯರ ಕಾಟ ತಪ್ಪಲಿ ಅಂತ ಹುಟ್ಟೂರು ಮೆಕ್ಸಿಕೊದ್ದು ಅಂತ ಬರೆಸಿದ್ದರು. ನಲವತ್ತು ವರ್ಷದ ನಂತರ ಅದೇ ಊರಿಗೆ, ಏನನ್ನೂ ಮುಚ್ಚಿಡದೆ, ತಾನು ಯಾರು ಅಂತ ಮೊದಲ ಸಾಲಿನಲ್ಲೇ ಬರೆದರು. ನನಗೆ ಆ ಪತ್ರದಲ್ಲಿ ದೈನ್ಯ ಕಾಣುವುದಿಲ್ಲ, ಧೈರ್ಯ ಕಾಣುತ್ತದೆ.

ಇನ್ನು ಆಲ್ಬಂ ಕೊಳ್ಳುವವರಿಗೆ, ಕೇಳುವವರಿಗೆ ಒಂದೆರಡು ಮಾತು. ಇದೇ ಕೃತಿಗಳ ಬೇರೆ ರೆಕಾರ್ಡಿಂಗ್‌ಗಳೂ ಇವೆ. ಒಂದನೇ ಸಿಂಫನಿಯನ್ನು ನಾಲ್ಕನೆಯದರ ಜೊತೆ ಸೇರಿಸಿ ನ್ಯಾಕ್ಸೋಸ್‌ನವರು 2019ರಲ್ಲಿ ತಂದಿದ್ದಾರೆ, ಜಾನ್ ಜೆಟರ್ ನಡೆಸಿದ ಫೋರ್ಟ್ ಸ್ಮಿತ್ ಸಿಂಫನಿ. ಫೋರ್ಟ್ ಸ್ಮಿತ್ ಇರುವುದು ಪ್ರೈಸ್ ಅವರ ಅರ್ಕನ್ಸಾದಲ್ಲೇ. ಚಿಕ್ಕ ಆರ್ಕೆಸ್ಟ್ರಾ, ಫಿಲಡೆಲ್ಫಿಯಾದ ಹೊಳಪು ಇಲ್ಲ, ಅಲ್ಲಲ್ಲಿ ವಯೊಲಿನ್‌ಗಳು ತೆಳುವಾಗುತ್ತವೆ. ಆದರೆ ಜೂಬಾ ಡಾನ್ಸ್ ಮಟ್ಟಿಗೆ ನಾನು ಅದನ್ನೇ ಆರಿಸುತ್ತೇನೆ, ಅಲ್ಲಿ ಕಾಲು ತಾನಾಗಿ ಕುಣಿಯುತ್ತದೆ. ಮೂರನೇ ಸಿಂಫನಿಗೆ 2001ರ ವುಮೆನ್ಸ್ ಫಿಲ್‌ಹಾರ್ಮೋನಿಕ್ ರೆಕಾರ್ಡಿಂಗ್ ಇದೆ, ಕಂಡಕ್ಟರ್ ಆಪೊ ಶೂ. ಯಾರೂ ಈ ಹೆಸರನ್ನು ಎತ್ತದ ಕಾಲದಲ್ಲಿ ಹೆಂಗಸರ ಆರ್ಕೆಸ್ಟ್ರಾ ಒಂದು ಮುಂದೆ ಬಂದು ಇದನ್ನು ನುಡಿಸಿದೆ ಎಂಬ ಕಾರಣಕ್ಕೇ ಅದಕ್ಕೆ ನನ್ನ ಗೌರವ. ವಾದನದಲ್ಲಿ ಮಾತ್ರ ಫಿಲಡೆಲ್ಫಿಯಾವೇ ಮೇಲು. ತಗ್ಗಿನ ಹಿತ್ತಾಳೆ ದನಿಗಳ ಆಳ, ನಿಶ್ಶಬ್ದಕ್ಕೆ ಹತ್ತಿರವಾದ ಜಾಗಗಳಲ್ಲೂ ದನಿ ಒಡೆಯದೆ ನಿಲ್ಲುವುದು, ಇವು ದೊಡ್ಡ ಆರ್ಕೆಸ್ಟ್ರಾಕ್ಕಷ್ಟೇ ಸಾಧ್ಯ. ಇಂಥ ಆರ್ಕೆಸ್ಟ್ರಾ ಸಿಗಲಿ ಅಂತಲೇ ಅಲ್ವಾ ಅವರು ಅಷ್ಟು ಪತ್ರ ಬರೆದದ್ದು.

ಮೊಬೈಲ್ ಆ್ಯಪ್‌ನಲ್ಲಿ ಕೇಳುವವರು ಸ್ವಲ್ಪ ಜಾಗ್ರತೆ. ನಾನು ಬಳಸುವ ಆ್ಯಪ್ ಭಾಗಗಳನ್ನು ತನಗೆ ತೋಚಿದ ಕ್ರಮದಲ್ಲಿ ಕಲಸಿ ಹಾಕುತ್ತದೆ. ಒಂದನೇ ಸಿಂಫನಿಯ ಪ್ರಾರ್ಥನೆ ಮುಗಿಯುತ್ತಿದ್ದ ಹಾಗೆ ಮೂರನೆಯದರ ಜೂಬಾ ಬಂದು ನುಗ್ಗುತ್ತದೆ. ಕಲಾವಿದರ ಜಾಗದಲ್ಲಿ ಕಂಡಕ್ಟರ್ ಹೆಸರು ದೊಡ್ಡದಾಗಿ, ಬರೆದವರ ಹೆಸರು ಟ್ರ್ಯಾಕ್ ಶೀರ್ಷಿಕೆಯ ತುದಿಯಲ್ಲಿ, ಅದೂ ಅರ್ಧಕ್ಕೆ ಕತ್ತರಿಸಿ. ಬದುಕಿದ್ದಾಗ ಹೆಸರಿಗಾಗಿ ಅಷ್ಟು ಹೋರಾಡಿದವರ ಕೃತಿಯನ್ನು ಹೀಗೆ ತೋರಿಸುವುದು ನನಗೆ ನೋವಾಗುತ್ತದೆ. ಷಫಲ್ ಆಫ್ ಮಾಡಿ. ಟ್ರ್ಯಾಕ್‌ಗಳ ನಡುವೆ ಒಂದರ ದನಿ ಇನ್ನೊಂದರ ಮೇಲೆ ಬರುವ ಹಾಗೆ ಮಾಡುವ ಸೆಟ್ಟಿಂಗ್ ಇದ್ದರೆ ಅದನ್ನೂ ತೆಗೆಯಿರಿ. ಸುಮ್ನೆ ಹಿನ್ನೆಲೆಯಲ್ಲಿ ಹಾಕಿಕೊಂಡು ಕೆಲಸ ಮಾಡಲು ಇದು ಸರಿಹೋಗುವುದಿಲ್ಲ. ದನಿಯ ಏರಿಳಿತ ಜಾಸ್ತಿ, ಮೆತ್ತಗಿನ ಜಾಗಗಳು ಕೇಳಿಸುವುದೇ ಇಲ್ಲ. ಒಳ್ಳೆಯ ಹೆಡ್‌ಫೋನ್ ಇದ್ದರೆ ಅದರಲ್ಲೇ ಕೇಳಿ.

ಕ್ರಮದ ಬಗ್ಗೆ ನನ್ನ ಸಲಹೆ ಇಷ್ಟು. ಆಲ್ಬಂ ಇಟ್ಟಿರುವ ಕ್ರಮದಲ್ಲಿ ಹೋಗಬೇಡಿ. ಮೂರನೇ ಸಿಂಫನಿಯನ್ನು ಮೊದಲು ಪೂರ್ತಿ ಕೇಳಿ, ಅರ್ಧ ಗಂಟೆಯ ಆಸುಪಾಸು. ಇನ್ನೊಂದು ದಿನ ಒಂದನೆಯದರ ಎರಡು ಮತ್ತು ಮೂರನೇ ಭಾಗ. ಅದು ಹಿಡಿಸಿದರೆ ಆ ಉದ್ದದ ಮೊದಲ ಭಾಗಕ್ಕೂ ನಿಮಗೆ ತಾಳ್ಮೆ ಬರುತ್ತದೆ.

ಆರ್ಕೆಸ್ಟ್ರಾ ಅಂದರೆ ಸ್ವಲ್ಪ ದೂರ ಅನಿಸುವವರು ಹಾಡುಗಳಿಂದ ಶುರು ಮಾಡಬಹುದು. ಪ್ರೈಸ್ ಬರೆದಿರುವ 300ಕ್ಕೂ ಹೆಚ್ಚು ಕೃತಿಗಳಲ್ಲಿ ಹಾಡು, ಪಿಯಾನೊ ಕೃತಿ, ಆರ್ಗನ್ ಕೃತಿ, ಮಕ್ಕಳ ಪಾಠಕ್ಕೆ ಬರೆದ ಪುಟ್ಟ ತುಣುಕು ಎಲ್ಲ ಇವೆ. 1939ರಲ್ಲಿ ಮೇರಿಯನ್ ಆ್ಯಂಡರ್ಸನ್ ಎಂಬ ಮಹಾ ಗಾಯಕಿಗೆ ವಾಷಿಂಗ್ಟನ್‌ನ ದೊಡ್ಡ ಸಭಾಂಗಣವನ್ನು ಬಣ್ಣದ ಕಾರಣಕ್ಕೆ ಕೊಡಲಿಲ್ಲ, ಆಕೆ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಸುಮಾರು 75,000 ಜನರ ಮುಂದೆ ಹಾಡಿದರು. ಆ ದಿನದ ಹಾಡುಗಳಲ್ಲಿ ಒಂದು ಪ್ರೈಸ್ ಹೊಂದಿಸಿಕೊಟ್ಟ ಸ್ಪಿರಿಚುವಲ್, ಅಂದರೆ ಕಪ್ಪು ಜನರ ಭಕ್ತಿಗೀತೆ. ದಿನಾಂಕ ಏಪ್ರಿಲ್ 9. ಪ್ರೈಸ್ ಅವರ ಹುಟ್ಟುಹಬ್ಬ, 52 ತುಂಬಿದ ದಿನ. ಅದನ್ನು ಎಷ್ಟೋ ಗಾಯಕಿಯರು ಹಾಡಿ ರೆಕಾರ್ಡ್ ಮಾಡಿದ್ದಾರೆ, ಹುಡುಕಿದರೆ ಸಿಗುತ್ತದೆ.

ಈ ಆಲ್ಬಂ ಮುಗಿಸಿದ ಮೇಲೆ ನಾಲ್ಕನೇ ಸಿಂಫನಿ ಕೇಳಿ. 1945ರಲ್ಲಿ ಬರೆದದ್ದು, ಮೊದಲ ಸಲ ನುಡಿಸಿದ್ದು 2018ರಲ್ಲಿ, ಅದೇ ಫೋರ್ಟ್ ಸ್ಮಿತ್ ಆರ್ಕೆಸ್ಟ್ರಾ. ಫಿಲಡೆಲ್ಫಿಯಾದವರೂ ಈಗ ಅದನ್ನು ರೆಕಾರ್ಡ್ ಮಾಡಿದ್ದಾರೆ. ಆಮೇಲೆ ಎರಡನೇ ವಯೊಲಿನ್ ಕಾನ್ಸರ್ಟೊ, 1952ರದ್ದು, ಒಂದೇ ಭಾಗ, ತೀರ ಉದ್ದವೂ ಇಲ್ಲ. ಅರ್-ಜೀನ್ ಕಾಂಗ್ ನುಡಿಸಿದ ಎರಡೂ ಕಾನ್ಸರ್ಟೊಗಳ ಆಲ್ಬಂ 2018ರಲ್ಲಿ ಬಂದಿದೆ. ಪ್ರೈಸ್ ಆ ಕಾನ್ಸರ್ಟೊ ಬರೆಯುವ ಹೊತ್ತಿಗೆ ಇಂಗ್ಲೆಂಡಿನಿಂದಲೂ ಕರೆ ಬರತೊಡಗಿತ್ತು, ಜಾನ್ ಬಾರ್ಬಿರೋಲಿ ಮ್ಯಾಂಚೆಸ್ಟರ್‌ನ ತಮ್ಮ ಹ್ಯಾಲೆ ಆರ್ಕೆಸ್ಟ್ರಾಗೆ ತಂತಿವಾದ್ಯಗಳ ಒಂದು ಕೃತಿ ಬರೆಸಿಕೊಂಡಿದ್ದರು. 1953ರಲ್ಲಿ ಯುರೋಪಿಗೆ ಹೋಗುವ ತಯಾರಿ ನಡೆದಿತ್ತು, ಜೂನ್ 3ರಂದು ಶಿಕಾಗೊದಲ್ಲೇ ತೀರಿಕೊಂಡರು. ಆ ಕೊನೆಯ ವಯೊಲಿನ್ ಕಾನ್ಸರ್ಟೊದಲ್ಲಿ ಸ್ವರಸಂಯೋಜನೆ ಇನ್ನೂ ಸಡಿಲಾಗಿ, ಇನ್ನೂ ಸ್ವತಂತ್ರವಾಗಿ ಓಡಾಡುತ್ತದೆ. 65ರ ವಯಸ್ಸಿನಲ್ಲಿ ಹೊಸ ದಾರಿ ಹಿಡಿಯುತ್ತಿದ್ದವರು ಅವರು. ಮೂರನೇ ಸಿಂಫನಿ ಹಿಡಿಸಿದವರು ಇದನ್ನು ಬಿಡಬೇಡಿ.